ಯುಗಾದಿಗೆ ಹೋದ ಮೇಸ್ತ್ರಿ ದೀಪಾವಳಿ ಕಳೆದ್ರೂ ಬಂದಿಲ್ಲ, ಲಿಂಟಲ್‌ಗೆ ನಿಂತಿರೋ ಮನೆ ಏನ್ ಮಾಡ್ಲಿ?

ಹೇಮಾವತಿ_ದಡ · ನವೆಂಬರ್ 2, 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನೆಂಟರ ಹತ್ರ ಹೇಳ್ಕೊಂಡ್ರೆ "ಮನೆ ಕಟ್ಟಿ ನೋಡು" ಅಂತ ಗಾದೆ ಹೇಳಿ ಸುಮ್ನಾಗ್ತಾರೆ, ನನಗೆ ಬೇಕಾಗಿರೋದು ನಾಳೆಯಿಂದ ಏನ್ ಮಾಡ್ಬೇಕು ಅನ್ನೋದು.

ಹಾಸನದ ಹೊರಗೆ ನಮ್ದು 30-40 ಸೈಟು. ನಾನು ಬೆಂಗಳೂರಲ್ಲಿ ಕೆಲಸ, ಅಪ್ಪ ಅಮ್ಮ ಹಾಸನದಲ್ಲೇ ಬಾಡಿಗೆ ಮನೇಲಿದಾರೆ. 2024 ಜನವರಿಲಿ 22 ಲಕ್ಷ ಲೋನ್ ಸ್ಯಾಂಕ್ಷನ್ ಆಯ್ತು, ಫೆಬ್ರವರಿಲಿ ಗುದ್ದಲಿ ಪೂಜೆ. ಒಟ್ಟು 1,100 ಚದರಡಿ, ಮೆಟೀರಿಯಲ್ ಸಮೇತ ಚದರಡಿಗೆ 1,950ರ ಹಾಗೆ ಮಾತಾಗಿತ್ತು, 21 ಲಕ್ಷದ 45 ಸಾವಿರ. ವರ್ಷದೊಳಗೆ ಬೀಗದ ಕೈ ಕೊಡ್ತೀನಿ ಅಂದಿದ್ರು ಕಾಂಟ್ರಾಕ್ಟರ್.

ಪಾಯ ತೆಗೆಯೋ ಹೊತ್ತಿಗೆ ಆ ವರ್ಷದ ಬೇಸಿಗೆ, ಸುತ್ತಮುತ್ತ ಬೋರೆಲ್ಲ ಒಣಗಿ ಟ್ಯಾಂಕರಿಗೆ ಕಾಯೋದಾಯ್ತು. ಅದಾದ್ಮೇಲೆ ಲೋಕಸಭೆ ಎಲೆಕ್ಷನ್. ನಮ್ಮ ಕಡೆ ಏಪ್ರಿಲ್ 26ಕ್ಕೇ ಮುಗೀತು, ಆದ್ರೆ ಕೆಲಸದೋರು ರಾಯಚೂರು ಕಡೆಯವರು, ಅವರದ್ದು ಮೇ 7, ಓಟ್ ಹಾಕಕ್ಕೆ ಹೋದೋರು ಬಿತ್ತನೆ ಮುಗಿಸ್ಕೊಂಡೇ ವಾಪಸ್ ಬಂದಿದ್ದು. ಜುಲೈಲಿ ಶಿರಾಡಿ ಘಾಟಲ್ಲಿ ಗುಡ್ಡ ಕುಸಿದ ಮಳೆ ಇತ್ತಲ್ಲ, ಅದೇ ಮಳೆಗೆ ನಮ್ಮ ಗುಂಡಿಗಳೆಲ್ಲ ತುಂಬಿ ಮೋಟರ್ ಇಟ್ಟು ನೀರು ಎತ್ತಿಸಿದ್ವಿ. ಇದ್ಯಾವ್ದಕ್ಕೂ ನಾನು ಅವರನ್ನ ದೂರಲ್ಲ, ಮಳೆಗೆ ಯಾರೇನ್ ಮಾಡಕ್ಕಾಗುತ್ತೆ.

2025 ಫೆಬ್ರವರಿಗೆ ಗೋಡೆ ಲಿಂಟಲ್‌ಗೆ, ಅಂದ್ರೆ ಬಾಗಿಲು ಕಿಟಕಿ ಮೇಲಿನ ಮಟ್ಟಕ್ಕೆ ಬಂತು. ಬ್ಯಾಂಕಿಂದ ಅಲ್ಲಿವರೆಗೆ 11 ಲಕ್ಷ ರಿಲೀಸ್ ಆಗಿತ್ತು, ಅಷ್ಟೂ ಅವರಿಗೇ ಕೊಟ್ಟಿದ್ದೆ. ಆಗ ಬಂದು, ಸ್ಲ್ಯಾಬಿಗೆ ಕಬ್ಬಿಣ ಒಟ್ಟಿಗೆ ತಗೊಂಡ್ರೆ ರೇಟು ಕಮ್ಮಿ ಆಗುತ್ತೆ, ಮೂರೂವರೆ ಲಕ್ಷ ಅಡ್ವಾನ್ಸ್ ಕೊಡಿ ಅಂದ್ರು. ಬ್ಯಾಂಕು ಸ್ಲ್ಯಾಬ್ ಆಗದೆ ದುಡ್ಡು ಬಿಡಲ್ಲ. ಅಮ್ಮನ ಬಳೆ ಅಡ ಇಟ್ಟು ಕೊಟ್ಟೆ. ಇದೊಂದನ್ನ ನೆನೆಸ್ಕೊಂಡ್ರೆ ಈಗ್ಲೂ ರಾತ್ರಿ ನಿದ್ದೆ ಬರಲ್ಲ. ಮಾರ್ಚ್ 30ಕ್ಕೆ ಯುಗಾದಿ, ಹಬ್ಬಕ್ಕೆ ಹೋಗಿ ಬರ್ತೀವಿ ಅಂತ ಮೇಸ್ತ್ರಿ ಟೀಮು ಹೋಯ್ತು, ಮತ್ತೆ ಬರ್ಲಿಲ್ಲ. ಕಾಂಟ್ರಾಕ್ಟರ್ ಫೋನ್ ಮಾಡಿದ್ರೆ ಮೊದಮೊದಲು ಲೇಬರ್ ಇಲ್ಲ ಅಂದ್ರು, ಆಮೇಲೆ ಮಳೆ ನಿಲ್ಲಲಿ ಅಂದ್ರು. ಮುಂಗಾರು ಕೇರಳಕ್ಕೇ ಮೇ 24ಕ್ಕೆ ಬಂದ ವರ್ಷ ಇದು, ಅದಕ್ಕೂ ಮೊದಲೇ ನಮ್ಮಲ್ಲಿ ಹಿಡಿದಿತ್ತು. ಈಗ ಫೋನೇ ಎತ್ತಲ್ಲ.

ಕಳೆದ ಭಾನುವಾರ ಸೈಟಿಗೆ ಹೋಗಿದ್ದೆ. ಕಾಲಂ ಮೇಲೆ ನಾಲ್ಕು ನಾಲ್ಕೂವರೆ ಅಡಿ ರಾಡು ಹಂಗೇ ನಿಂತಿದೆ, ಅಪ್ಪ ಅದಕ್ಕೆಲ್ಲ ಗೊಬ್ಬರದ ಚೀಲ ಕವುಚಿ ದಾರ ಕಟ್ಟಿದಾರೆ. ಒಂದು ಚೀಲ ಬಿಚ್ಚಿ ಕೈ ಹಾಕಿದ್ರೆ ತುಕ್ಕು ಅಂಗೈಗೆ ಬಂತು, ಕೆಳಗಡೆ ಕಾಂಕ್ರೀಟ್ ಮೇಲೆ ಕೆಂಪು ನೀರು ಇಳಿದು ಗೆರೆ ಗೆರೆ ಆಗಿದೆ. ಅಪ್ಪಂಗೆ 71, ದಿನಾ ಬೆಳಿಗ್ಗೆ ಸಿಟಿ ಬಸ್ ಹತ್ತಿ ಸೈಟಿಗೆ ಹೋಗಿ ಒಂದು ಗಂಟೆ ಕೂತು ಬರ್ತಾರೆ ಅಂತ ಅಮ್ಮ ಹೇಳಿದ್ದು, ಅವರಾಗಿ ಅವರು ಒಂದ್ ಮಾತೂ ಆಡಲ್ಲ.

ತಿಂಗಳಿಗೆ ಎಂಟು ಸಾವಿರದ ಚಿಲ್ಲರೆ ಬಡ್ಡಿ, ಒಂಬತ್ತು ಸಾವಿರ ಬಾಡಿಗೆ, ಒಡವೆ ಸಾಲದ ಬಡ್ಡಿ ಬೇರೆ. ಆ ರಾಡು ಇನ್ನು ಉಪಯೋಗಕ್ಕೆ ಬರುತ್ತಾ? ಶೆಡ್ಡಲ್ಲಿ 22 ಚೀಲ ಸಿಮೆಂಟಿದೆ, ಅದು? ಇವರನ್ನ ಬಿಟ್ಟು ಬೇರೆಯವರನ್ನ ಹಿಡೀಬೇಕಾ, ಹಿಡಿದ್ರೆ ಕೊಟ್ಟಿರೋ ದುಡ್ಡಿನ ಕತೆ ಏನು? ಅನುಭವ ಇರೋರು ಹೇಳಿ.

---

ಸೈಟ್_ಮ್ಯಾನ್_ತುಮಕೂರು · ನವೆಂಬರ್ 2

ಇಪ್ಪತ್ತು ವರ್ಷದಿಂದ ಸೈಟಲ್ಲೇ ಇದೀನಿ, ಸಿವಿಲ್ ಇಂಜಿನಿಯರ್. ನಿಂತ ಮನೆಗಳು ತುಂಬಾ ನೋಡಿದೀನಿ, ನಿಮ್ದು ಕೈ ಮೀರಿಲ್ಲ.

ರಾಡಿನ ವಿಷಯ. ಮೇಲೆ ಕೆಂಪಗೆ ಪುಡಿ ಥರ ಬರೋ ತುಕ್ಕು ಬೇರೆ, ಚಕ್ಕೆ ಚಕ್ಕೆಯಾಗಿ ಏಳೋದು ಬೇರೆ. ವೈರ್ ಬ್ರಶ್ ತಗೊಂಡು ಒಂದು ರಾಡು ಚೆನ್ನಾಗಿ ಉಜ್ಜಿ, ಕೆಳಗೆ ಕಬ್ಬಿಣ ನುಣ್ಣಗಿದ್ದು ಏಣುಗಳು ಹಂಗೇ ಇದ್ರೆ ಭಯ ಇಲ್ಲ, ಸಣ್ಣ ಸಣ್ಣ ಗುಳಿ ಬಿದ್ದಿದ್ರೆ ತಲೆ ಕೆಡಿಸ್ಕೋಬೇಕು. ಕಣ್ಣಳತೆ ಸಾಕಾಗಲ್ಲ, ತೂಕ ಮಾಡಿ. ಕಾಲಂ ರಾಡನ್ನ ಯಾವ ಕಾರಣಕ್ಕೂ ಕತ್ತರಿಸ್ಬೇಡಿ, ಅದು ಮೇಲಿನ ರಾಡಿಗೆ ಲ್ಯಾಪ್ ಕೊಡೋ, ಅಂದ್ರೆ ಪಕ್ಕಪಕ್ಕ ಸೇರಿಸಿ ಕಟ್ಟೋ ಉದ್ದ. ಅದೇ ಮಳೇಲಿ ನೆಲದ ಮೇಲೆ ಬಿದ್ದಿರೋ ತುಂಡು ಯಾವ್ದಾದ್ರೂ ಇರುತ್ತೆ, ಅದನ್ನ ಉಜ್ಜಿ ಸರಿಯಾಗಿ ಒಂದು ಮೀಟರ್ ಕಟ್ ಮಾಡಿಸಿ ತಕ್ಕಡಿಗೆ ಹಾಕಿ. 12 ಎಂಎಂ ಮೀಟರಿಗೆ 888 ಗ್ರಾಂ ಇರ್ಬೇಕು, 16 ಎಂಎಂ ಆದ್ರೆ 1 ಕೆಜಿ 580. ಲೆಕ್ಕ ಸುಲಭ, ಎಂಎಂ ಅನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಐದಾರು ಪರ್ಸೆಂಟಿಗಿಂತ ಜಾಸ್ತಿ ಕಮ್ಮಿ ಬಂದ್ರೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ರನ್ನ ಕರೆಸಿ ತೋರಿಸ್ದೆ ಮುಂದಕ್ಕೆ ಹೋಗ್ಬೇಡಿ, ಪಕ್ಕದಲ್ಲಿ ಡ್ರಿಲ್ ಮಾಡಿ ಕೆಮಿಕಲ್ ಹಾಕಿ ಹೊಸ ರಾಡು ಕೂರಿಸೋ ದಾರಿ ಇದೆ.

ತೂಕ ಸರಿ ಇದ್ರೆ ಬ್ರಶ್ ಹೊಡೆದು ತೆಳ್ಳಗೆ ಸಿಮೆಂಟ್ ಹಾಲು ಬಳಿದಿಡಿ, ಕೆಲಸ ಶುರುವಾಗೋವರೆಗೂ ಕಾಪಾಡುತ್ತೆ. ಅಪ್ಪ ಚೀಲ ಕಟ್ಟಿರೋದು ಒಳ್ಳೇ ಕೆಲಸ, ಆದ್ರೆ ಪ್ಲಾಸ್ಟಿಕ್ ಚೀಲದೊಳಗೆ ಹಬೆ ಕಟ್ಟಿ ತೇವ ನಿಲ್ಲುತ್ತೆ, ಬಿಸಿಲಿರೋ ದಿನ ಬಿಚ್ಚಿಡೋಕೆ ಹೇಳಿ. ಹಳೇ ಕಾಂಕ್ರೀಟ್ ಮೇಲೆ ಹೊಸದು ಹಾಕೋ ಮುಂಚೆ ಆ ತಲೆಯನ್ನ ಉಳಿಯಲ್ಲಿ ಕಚ್ಚು ಮಾಡಿಸಿ, ಧೂಳು ತೊಳೆದು, ಒದ್ದೆ ಮಾಡಿ, ಸ್ಲರಿ ಹಾಕಿ ಆಮೇಲೆ ತುಂಬಿಸ್ಬೇಕು. ಇದನ್ನ ನೀವು ನಿಂತು ನೋಡ್ದೆ ಇದ್ರೆ ಯಾರೂ ಮಾಡಲ್ಲ.

22 ಚೀಲ ಸಿಮೆಂಟು ಮರ್ತುಬಿಡಿ. ಸಿಮೆಂಟು ಮೂರು ತಿಂಗಳು ದಾಟಿದ್ರೆ ಟೆಸ್ಟ್ ಮಾಡ್ದೆ ಬಳಸ್ಬಾರ್ದು, ನಿಮ್ದು ಎಂಟು ತಿಂಗಳು ಮಳೆಗಾಲದಲ್ಲಿ ಶೆಡ್ಡಲ್ಲಿ ಕೂತಿರೋದು. ಗಂಟು ಕಟ್ಟಿರದ ಚೀಲ ಇದ್ರೆ ನಾಯಿಗೂಡಿಗೋ ಕಾಂಪೌಂಡ್ ಒಳಗಿನ ನೆಲಕ್ಕೋ ಹಾಕ್ಕೊಳ್ಳಿ, ಸ್ಲ್ಯಾಬಿಗೆ ಒಂದು ಬಾಂಡ್ಲಿಯೂ ಬೇಡ.

ಇನ್ನು ಆ ಮೂರೂವರೆ ಲಕ್ಷ. 1,100 ಚದರಡಿ ಸ್ಲ್ಯಾಬು ಬೀಮು ಸೇರಿ ಎರಡು ಎರಡೂವರೆ ಟನ್ ಕಬ್ಬಿಣ ಆಗುತ್ತೆ, ಕೆಜಿಗೆ 60-65 ಅಂದ್ರೂ ಒಂದೂವರೆ ಲಕ್ಷದ ಆಸುಪಾಸು. ಮೂರೂವರೆ ಲಕ್ಷದ ಕಬ್ಬಿಣ ಆ ಮನೆಗೆ ಹಿಡಿಯೋದೇ ಇಲ್ಲ. ನಿಮ್ಮ ದುಡ್ಡು ಇನ್ನೊಂದು ಸೈಟಿನ ಸ್ಲ್ಯಾಬಾಗಿದೆ ಅಂತ ನನಗನ್ಸುತ್ತೆ. ಚಿಕ್ಕ ಕಾಂಟ್ರಾಕ್ಟರ್‌ಗಳು ನಾಲ್ಕೈದು ಮನೆ ಒಟ್ಟಿಗೆ ಹಿಡಿದು ಒಂದರ ದುಡ್ಡಲ್ಲಿ ಇನ್ನೊಂದು ಓಡಿಸ್ತಾರೆ, ಎಲ್ಲೋ ಒಂದು ಕಡೆ ಪೇಮೆಂಟ್ ನಿಂತ್ರೆ ಎಲ್ಲಾ ಮನೇನೂ ನಿಲ್ಲುತ್ತೆ. ಯಾವುದೇ ಸಂಬಂಧ ಇಲ್ಲದ ಒಬ್ಬ ಇಂಜಿನಿಯರ್‌ನ ಕರ್ಕೊಂಡು ಹೋಗಿ ಇವತ್ತಿಗೆ ಆಗಿರೋ ಕೆಲಸದ ಅಳತೆ ಬರೆಸಿ, ಫೋಟೋ ಸಮೇತ, ಸಹಿ ಸೀಲು ಹಾಕಿಸಿ. ಹೊಸಬರು ಬಂದು ಒಂದು ಬ್ಲಾಕ್ ಮುಟ್ಟೋಕೂ ಮುಂಚೆ ಇದಾಗ್ಬೇಕು. ಆಮೇಲೆ ಯಾರು ಎಷ್ಟು ಮಾಡಿದ್ದು ಅಂತ ಯಾರಿಗೂ ಗೊತ್ತಾಗಲ್ಲ.

---

ಮೈಸೂರ್_ರೋಡ್ · ನವೆಂಬರ್ 3

ನಾನು ಹೇಳೋದು ಬೇರೆ. ಹಳಬರನ್ನ ಹೇಗಾದ್ರೂ ಮಾಡಿ ವಾಪಸ್ ಕರ್ಕೊಂಡು ಬನ್ನಿ. ನಾವು ಅರ್ಧದಲ್ಲಿ ಬದಲಾಯಿಸಿದ್ವಿ, ಹೊಸಬ್ರು ಬಂದು ಗೋಡೆ ಔಟ್ ಇದೆ, ಕಾಲಂ ಲೈನಲ್ಲಿಲ್ಲ ಅಂತ ಎಲ್ಲದಕ್ಕೂ ಎಕ್ಸ್‌ಟ್ರಾ ಕೇಳಿದ್ರು, ಆಮೇಲೆ ಸೋರಿಕೆ ಬಂದಾಗ ಅದು ಹಳಬರ ಕೆಲಸ ಅಂತ ಕೈ ತೊಳ್ಕೊಂಡ್ರು. ಇಬ್ಬರ ಮಧ್ಯೆ ನಾವು ಸಿಕ್ಕಾಕ್ಕೊಂಡ್ವಿ. ಅವರ ಮನೆಗೇ ಹೋಗಿ ಕೂತ್ಕೊಳ್ಳಿ, ಊರ ಹಿರಿಯರು ಯಾರಾದ್ರೂ ಇದ್ರೆ ಜೊತೇಲಿ ಕರ್ಕೊಂಡು ಹೋಗಿ.

---

ಸೈಟ್_ಮ್ಯಾನ್_ತುಮಕೂರು · ನವೆಂಬರ್ 3

@ಮೈಸೂರ್_ರೋಡ್ ನೀವು ಹೇಳೋ ಕಷ್ಟ ನಿಜ, ಹೊಸಬರು ಎಲ್ಲಾದಕ್ಕೂ ಹಳಬರ ಹೆಸರು ಹೇಳ್ತಾರೆ. ಆದ್ರೆ ಫೋನ್ ಎತ್ತದೇ ಇರೋರನ್ನ ಕರ್ಕೊಂಡು ಬಂದ್ರೆ ಮೊದಲ ದಿನವೇ ಇನ್ನೊಂದು ಲಕ್ಷ ಕೇಳ್ತಾರೆ, ಕೊಟ್ರೆ ಮತ್ತೆ ಅದೇ. ಬರೋದಾದ್ರೆ ಅವರ ದುಡ್ಡಲ್ಲೇ ಸೆಂಟ್ರಿಂಗ್ ಹೊಡೆದು ಸ್ಲ್ಯಾಬ್ ಮುಗಿಸಲಿ, ಆಗ್ಲೇ ಮೂರೂವರೆ ಲಕ್ಷ ಹತ್ರ ಇದೆಯಲ್ಲ. ಅದಕ್ಕೆ ಒಪ್ಪಿದ್ರೆ ನಾನೂ ಹಳಬರೇ ಇರ್ಲಿ ಅಂತೀನಿ.

---

ಗದಗ_ಮಂದಿ · ನವೆಂಬರ್ 3

ಅಣ್ಣಾರ ನಮ್ದೂ ಹಿಂಗ ಆಗಿತ್ರಿ, ಕಾರಣ ಬ್ಯಾರೆ. ನಮ್ಮ ಕಡೆ ಎರಿ ಮಣ್ಣು. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡತೈತಿ, ಮಳಿ ಬಿತ್ತಂದ್ರ ಉಬ್ಬಿ ನೆಲಾನ ಎತ್ತತೈತಿ. ಮೇಸ್ತ್ರಿ ನಾಕ ಫೂಟ ತಗದು ಸಾಕ ಅಂದ, ನಾವೂ ಹೂಂ ಅಂದ್ವಿ, ಕಲ್ಲಿನ ಪಾಯ ಹಾಕಿ ಪ್ಲಿಂತ್ (ನೆಲದ ಮಟ್ಟದ ಕಟ್ಟಿ) ಮ್ಯಾಲ ಮೂರ ಫೂಟ ಗ್ವಾಡಿ ಎಬ್ಬಿಸಿದ್ವಿ. ಒಂದ ಮಳಿಗಾಲ ಆತು, ಮೂಲ್ಯಾಗಿಂದ ಸೀಳಿ ಬಿಡ್ತ ನೋಡ್ರಿ, ಮೆಟ್ಟಿಲ ಮೆಟ್ಟಿಲ ಆಗಿ ಬಿರುಕು, ಒಂದ ರೂಪಾಯಿ ನಾಣ್ಯಾ ಇಟ್ರ ಒಳಗ ಹೋಗತಿತ್ತು. ನಮ್ಮಪ್ಪ ಸಿಮೆಂಟ್ ತುಂಬಿ ಮುಂದ ನಡಸೋಣು ಅಂದ್ರು, ಮಗಳ ಲಗ್ನ ಹೊಸಾ ಮನ್ಯಾಗ ಮಾಡೂದು ಅಂತ ಅವ್ರಿಗೆ ಭಾಳ ಆಸೆ ಇತ್ತು.

ಇಂಜಿನಿಯರ್ ಬಂದು ನೋಡಿ ಆ ಗ್ವಾಡಿ ಪೂರಾ ಕಿತ್ತಿಸಿದ್ರು. ಗಟ್ಟಿ ನೆಲ ಸಿಗೂತನಕ ತಗಸಿ, ಕಪ್ಪ ಮಣ್ಣ ಹೊರಗ ಹಾಕಿ ಗರಸು ತುಂಬಿ ಪದರ ಪದರ ನೀರು ಹೊಡದು ದಿಮ್ಮಸು ಬಡಿಸಿ, ಮ್ಯಾಲ ಪ್ಲಿಂತ್ ಬೀಮ್ ಹಾಕಿ ಕಾಲಂ ಎಬ್ಬಿಸಿದ್ವಿ. ಐದ ತಿಂಗಳ ಹೋತ್ರಿ, ರೊಕ್ಕಾನೂ ಹೋತು. ತಂಗಿ ಲಗ್ನ ಕಲ್ಯಾಣ ಮಂಟಪದಾಗ ಆತು. ಆರ ವರ್ಷ ಆತು ಈಗ, ನಮ್ಮ ಮನ್ಯಾಗ ಒಂದ ಬಿರುಕಿಲ್ಲ, ಅದ ಸಾಲಿನ್ಯಾಗ ಗಡಿಬಿಡಿ ಮಾಡಿ ಕಟ್ಟಿದ ಎರಡ ಮನಿ ಬಾಗಿಲಾ ಹಾಕಾಕ ಬರವಲ್ವು, ಚೌಕಟ್ಟ ಸೊಟ್ಟ ಆಗ್ಯಾವು.

ನಿಮಗ ಯಾಕ ಹೇಳಾಕತ್ತೀನಿ ಅಂದ್ರ, ಮನಿ ಎಂಟ ತಿಂಗಳ ನಿಂತೈತಲ್ಲ, ಈಗ ಒಂದ ಸಲ ಸುತ್ತ ಹಾಕಿ ಪ್ಲಿಂತ್ ನೋಡ್ರಿ. ಒಂದ ಇಡೀ ಮಳಿಗಾಲ ಭಾರ ಹೊತ್ತು ನಿಂತೈತಿ, ಕೂಡೂದಿದ್ರ ಕೂತಿರತೈತಿ, ಬಿರುಕು ಕಾಣತೈತಿ. ಏನೂ ಇಲ್ಲಂದ್ರ ನಿಮ್ಮ ಪಾಯಾ ಗಟ್ಟಿ ಐತಿ ಅಂತ ಧೈರ್ಯಲೆ ಸ್ಲ್ಯಾಬ್ ಹಾಕಬಹುದು.

---

ಹೇಮಾವತಿ_ದಡ · ನವೆಂಬರ್ 4

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗದಗದವರೇ, ಅಪ್ಪಂಗೆ ಫೋನಲ್ಲಿ ಹೇಳ್ದೆ, ಇವತ್ತು ಬೆಳಿಗ್ಗೆನೇ ಸುತ್ತ ಹಾಕಿ ನೋಡಿದಾರೆ, ಪ್ಲಿಂತಲ್ಲಿ ಎಲ್ಲೂ ಬಿರುಕಿಲ್ವಂತೆ, ಬಚ್ಚಲು ಮನೆ ಕಡೆ ಗೋಡೆ ಮೇಲಿನ ಎರಡು ವರಸೆ ಬ್ಲಾಕ್ ಪಾಚಿ ಕಟ್ಟಿದೆ ಅಷ್ಟೆ. ಎಷ್ಟೋ ದಿನದ ಮೇಲೆ ಅವರೇ ಅಷ್ಟು ಹೊತ್ತು ಮಾತಾಡಿದ್ರು. ತೂಕ ಈ ಶನಿವಾರ ಮಾಡಿಸ್ತೀನಿ. ಲೋನ್ ಬಗ್ಗೆ ಯಾರಾದ್ರೂ ಗೊತ್ತಿರೋರು ಹೇಳ್ತೀರಾ? ಇಷ್ಟು ಲೇಟಾಗಿದ್ದಕ್ಕೆ ಬ್ಯಾಂಕಿನವರು ಉಳಿದ ಹಣ ಕೊಡಲ್ಲ ಅಂದ್ರೆ ಅನ್ನೋ ಭಯ ಇದೆ.

---

ಸಾಲದ_ಲೆಕ್ಕ · ನವೆಂಬರ್ 5

ನಾನು ಬ್ಯಾಂಕ್ ಸಾಲ ವಿಭಾಗದಲ್ಲೇ ಇದ್ದೋನು, ಈಗ ರಿಟೈರ್ಡ್. ನೀವಾಗೇ ಬ್ರಾಂಚಿಗೆ ಹೋಗಿ ಬರವಣಿಗೇಲಿ ಕೊಡಿ, ಅವರು ಕೇಳೋವರೆಗೂ ಕಾಯ್ಬೇಡಿ. ಸ್ಯಾಂಕ್ಷನ್ ಲೆಟರಲ್ಲಿ ಇಷ್ಟು ತಿಂಗಳೊಳಗೆ ಪೂರ್ತಿ ಹಣ ತಗೋಬೇಕು ಅಂತ ಒಂದು ಸಾಲು ಇರುತ್ತೆ, ಅದು ದಾಟಿದ್ರೆ ಅವಧಿ ವಿಸ್ತರಣೆಗೆ ಅರ್ಜಿ. ಕಾರಣ ಬರೆದು, ಸೈಟ್ ಫೋಟೋ, ಅಳತೆ ರಿಪೋರ್ಟು, ಹೊಸ ಎಸ್ಟಿಮೇಟು ಇಟ್ಟುಕೊಟ್ರೆ ಸಾಮಾನ್ಯವಾಗಿ ಒಪ್ತಾರೆ, ಅವರಿಗೂ ಅರ್ಧ ಕಟ್ಟಿದ ಮನೆ ಅಡಮಾನ ಬೇಡ, ಮುಗಿದ ಮನೆ ಬೇಕು. ಸುಮ್ಮನಿದ್ದು ಒಂದು ದಿನ ಪೂರ್ತಿ ಇಎಂಐ ಕಟ್ ಆಗೋಕೆ ಶುರುವಾದಾಗ ಓಡಿ ಬರೋರೇ ಜಾಸ್ತಿ, ಆಗ ಕಷ್ಟ.

ಬಡ್ಡಿ ರೇಟು ಚೆಕ್ ಮಾಡಿ. ರೆಪೋಗೆ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ) ಲಿಂಕ್ ಆಗಿರೋ ಲೋನ್ ಆದ್ರೆ ಈ ವರ್ಷ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ 6.50ರಿಂದ 5.50ಕ್ಕೆ ಇಳಿದಿದೆ, ಮೂರು ತಿಂಗಳಿಗೊಮ್ಮೆಯಾದ್ರೂ ರೀಸೆಟ್ ಮಾಡ್ಲೇಬೇಕು. ನಿಮ್ಮ 11 ಲಕ್ಷಕ್ಕೆ ಒಂದು ಪರ್ಸೆಂಟ್ ಅಂದ್ರೆ ವರ್ಷಕ್ಕೆ 11 ಸಾವಿರ. ಸ್ಟೇಟ್‌ಮೆಂಟ್ ತೆಗೆದು ನೋಡಿ ಇಳಿದಿದೆಯಾ ಅಂತ.

ಟ್ಯಾಕ್ಸ್ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಲೇಟಾದ ಮನೆಗಳಲ್ಲಿ ಇದನ್ನ ಮರೀತಾರೆ. ಹಳೇ ರಿಜೀಮ್‌ನಲ್ಲಿ ವಾಸದ ಮನೆ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಸಿಗ್ಬೇಕಾದ್ರೆ ಸಾಲ ತಗೊಂಡ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮನೆ ಮುಗೀಬೇಕು, ತಪ್ಪಿದ್ರೆ ಬರೀ 30 ಸಾವಿರ. ನಿಮ್ದು 2024 ಜನವರಿ, ಅಂದ್ರೆ 2029 ಮಾರ್ಚ್ 31ರವರೆಗೆ ಟೈಮಿದೆ. ಈಗ ಕಟ್ತಿರೋ ಬಡ್ಡಿನೂ ಪೂರ್ತಿ ವೇಸ್ಟಲ್ಲ, ಮನೆ ಮುಗಿದ ವರ್ಷದಿಂದ ಐದು ಕಂತಲ್ಲಿ ತೋರಿಸ್ಕೋಬಹುದು, ಆ 2 ಲಕ್ಷದ ಮಿತಿಯೊಳಗೇ. ಬಡ್ಡಿ ಸರ್ಟಿಫಿಕೇಟ್ ಪ್ರತಿ ವರ್ಷದ್ದೂ ಎತ್ತಿಡಿ.

ಕೊಟ್ಟಿರೋ ಹಣದ ವಿಷಯ. ಮನೆ ಕಟ್ಟಿಕೊಡೋದು ಕಾನೂನಿನ ಪ್ರಕಾರ ಸೇವೆ, ಹಾಗಾಗಿ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದ ಒಳಗಿದ್ರೆ ಜಿಲ್ಲಾ ಆಯೋಗ, ನಿಮ್ಮ 14.5 ಲಕ್ಷಕ್ಕೆ ಫೀಸು 400 ರೂಪಾಯಿ ಅಷ್ಟೆ. 2019ರ ಕಾಯ್ದೆಯಲ್ಲಿ ನೀವು ವಾಸ ಇರೋ ಅಥವಾ ಕೆಲಸ ಮಾಡೋ ಊರಲ್ಲೂ ಹಾಕಬಹುದು, ಅಂದ್ರೆ ಬೆಂಗಳೂರಲ್ಲೇ. ಎರಡು ವರ್ಷದೊಳಗೆ ಹಾಕ್ಬೇಕು. ಮೊದಲು ವಕೀಲರ ಕಡೆಯಿಂದ ನೋಟಿಸ್ ಹೋಗ್ಲಿ, ತುಂಬಾ ಕೇಸು ಆ ನೋಟಿಸ್ ಮುಟ್ಟಿದಾಗಲೇ ಮಾತುಕತೆಗೆ ಬರುತ್ತೆ. ಬ್ಯಾಂಕ್ ಟ್ರಾನ್ಸ್‌ಫರ್ ದಾಖಲೆ, ವಾಟ್ಸಾಪ್ ಮೆಸೇಜು ಯಾವ್ದನ್ನೂ ಡಿಲೀಟ್ ಮಾಡ್ಬೇಡಿ. ಬಳೆ ಅಡ ಇಟ್ಟು ಕೊಟ್ಟ ಹಣ ಕ್ಯಾಶಾ, ಅಕೌಂಟಿಗಾ?

---

ಹೇಮಾವತಿ_ದಡ · ನವೆಂಬರ್ 5

2 ಲಕ್ಷ ಅಕೌಂಟಿಗೆ, ಒಂದೂವರೆ ಕ್ಯಾಶ್. ಕ್ಯಾಶ್ ಕೊಟ್ಟ ದಿನ ಅವರು "ಮುಟ್ಟಿದೆ ಸರ್, ನಾಳೆ ಕಬ್ಬಿಣ ಬರುತ್ತೆ" ಅಂತ ಕಳಿಸಿದ ವಾಯ್ಸ್ ಮೆಸೇಜ್ ಇದೆ.

---

ಸಾಲದ_ಲೆಕ್ಕ · ನವೆಂಬರ್ 5

ಅದನ್ನ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಡಿ. ಫೋನ್ ಹಾಳಾದ್ರೆ ಹೋಯ್ತು.

---

ಮಲೆನಾಡ್_ಟೀಚರ್ · ನವೆಂಬರ್ 7

ಸಾಗರದ ಹತ್ರ ನಮ್ಮನೆ. ಇಂಜಿನಿಯರ್ ಮಾತು, ಬ್ಯಾಂಕ್ ಮಾತು ಎಲ್ಲಾ ಆಯ್ತು, ನಾನು ಮನೇಲಿರೋರ ಬಗ್ಗೆ ಒಂದೆರಡು ಹೇಳ್ತೀನಿ.

ನಮ್ದು ಒಟ್ಟು ನಾಲ್ಕು ವರ್ಷ ಹಿಡೀತು. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಹೊರಗಡೆ ಕೆಲಸ ಅನ್ನೋದೇ ಇಲ್ಲ, ಅಂದ್ರೆ ವರ್ಷಕ್ಕೆ ಸಿಗೋದೇ ಏಳೆಂಟು ತಿಂಗಳು, ಅದ್ರಲ್ಲಿ ಅಡಿಕೆ ಕೊಯ್ಲು ಬಂತು ಅಂದ್ರೆ ಆಳು ಸಿಗಲ್ಲ. ಮೂರನೇ ವರ್ಷ, 2023, ಗೃಹಪ್ರವೇಶ ಮಾಡೇಬಿಡೋಣ ಅಂದ್ಕೊಂಡ್ರೆ ಆಷಾಢ, ಅದು ಮುಗೀತಿದ್ದ ಹಾಗೇ ಅಧಿಕ ಶ್ರಾವಣ, ಆಗಸ್ಟ್ 16ರ ತನಕ ಮುಹೂರ್ತವೇ ಇಲ್ಲ ಅಂದ್ರು ಭಟ್ರು. ಅತ್ತೆಗೆ ಆಗ ಕಾಲು ನೋವು ಜೋರಾಗಿತ್ತು, ಬಾಡಿಗೆ ಮನೆ ಮೆಟ್ಟಿಲು ಹತ್ತಿ ಇಳಿಯೋಕೆ ಆಗ್ತಿರ್ಲಿಲ್ಲ.

ನಾವು ಮಾಡಿದ್ದೇನಂದ್ರೆ ಇಡೀ ಮನೆ ಮುಗಿಸೋ ಯೋಚನೆ ಬಿಟ್ವಿ. ಅಡುಗೆಮನೆ, ಒಂದು ರೂಮು, ಬಚ್ಚಲು, ಇಷ್ಟಕ್ಕೆ ಮಾತ್ರ ನೆಲ, ಬಾಗಿಲು, ಕರೆಂಟು, ನೀರು. ಹಾಲ್ ಕಿಟಕಿಗೆ ಟಾರ್ಪಾಲ್ ಹೊಡೆದಿದ್ವಿ. ಹಾಲುಕ್ಕಿಸಿ ಒಳಗೆ ಬಂದ್ವಿ. ಬಾಡಿಗೆ ಉಳೀತು, ಅದೇ ದುಡ್ಡಲ್ಲಿ ತಿಂಗಳಿಗೊಂದು ಕಿಟಕಿ, ಒಂದು ಬಾಗಿಲು ಅಂತ ಮಾಡಿಸ್ತಾ ಬಂದ್ವಿ. ಮುಖ್ಯವಾಗಿ ನಾವು ಅಲ್ಲೇ ಇದ್ದಿದ್ರಿಂದ ಕೆಲಸದೋರು ಎಷ್ಟೊತ್ತಿಗೆ ಬಂದ್ರು, ಪ್ಲಾಸ್ಟರಿಗೆ ನೀರು ಹೊಡೆದ್ರಾ, ಎಲ್ಲಾ ಕಣ್ಣೆದುರಿಗೆ. ಧೂಳು ತಿಂದ್ವಿ, ಅದು ನಿಜ. ಅತ್ತೆ ಆ ಅರೆಬರೆ ಮನೇಲೇ ಮೊದಲನೇ ರಾತ್ರಿ ಗೋಡೆ ಮುಟ್ಟಿ ನೋಡ್ಕೊಂಡು ಮಲಗಿದ್ರು, ಈಗ ಅವರಿಲ್ಲ, ಒಂದೂಕಾಲು ವರ್ಷ ಆ ಮನೇಲಿದ್ರು ಅನ್ನೋದೇ ನಮಗೆ ದೊಡ್ಡ ಸಮಾಧಾನ.

ನಿಮ್ಮಪ್ಪ ಬಸ್ ಹತ್ತಿ ಹೋಗಿ ಒಂದು ಗಂಟೆ ಕೂತು ಬರ್ತಾರೆ ಅಂತ ಓದಿ ಇಷ್ಟು ಬರ್ದೆ. ಸ್ಲ್ಯಾಬ್ ಒಂದು ಆಗ್ಲಿ, ಆಮೇಲೆ ಉಳಿದ ದುಡ್ಡನ್ನ ಇಡೀ ಮನೆಗೆ ಹರಡಬೇಡಿ.

---

ಕೆಂಗೇರಿ_ನಿವಾಸಿ · ನವೆಂಬರ್ 8

ಟೀಚರ್ ಹೇಳಿದ್ದು ಸರಿ, ಆದ್ರೆ ಕರೆಂಟ್ ಕನೆಕ್ಷನ್ ವಿಷಯ ಮೊದಲೇ ವಿಚಾರಿಸ್ಕೊಳ್ಳಿ. ಸುಪ್ರೀಂ ಕೋರ್ಟ್ 2024 ಡಿಸೆಂಬರ್ 17ರ ತೀರ್ಪಲ್ಲಿ ಓಸಿ (ಕಟ್ಟಡ ವಾಸಕ್ಕೆ ಸರಿ ಇದೆ ಅನ್ನೋ ಸರ್ಟಿಫಿಕೇಟ್) ಇಲ್ದೆ ಕರೆಂಟು ನೀರು ಕೊಡ್ಬಾರ್ದು ಅಂದಮೇಲೆ ನಾವು ಬೆಂಗಳೂರಲ್ಲಿ ಪೂರ್ತಿ ಮುಗಿದ ಮನೆ ಇಟ್ಕೊಂಡು ತಿಂಗಳುಗಟ್ಟಲೆ ಟೆಂಪರರಿ ಮೀಟರಲ್ಲಿ ಜಾಸ್ತಿ ರೇಟ್ ಕಟ್ಟಿದ್ವಿ. ಈಗ ಅಕ್ಟೋಬರಲ್ಲಿ ಸರ್ಕಾರ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಕೊಡೋಕೆ ತೀರ್ಮಾನ ಮಾಡಿದೆ. ನಿಮ್ದು 30-40 ಅಂದ್ರೆ ಸರಿಯಾಗಿ 1,200. ನಿಮ್ಮ ಊರಿನ ಕಚೇರಿಲಿ ಕೇಳಿ, ಪ್ಲಾನ್ ಅಪ್ರೂವಲ್ ಕಾಪಿ, ಇ-ಖಾತಾ ಎರಡೂ ಕೈಲಿರ್ಲಿ. ಪ್ಲಾನಲ್ಲಿರೋದಕ್ಕಿಂತ ಒಂದಡಿನೂ ಆಚೆ ಹೋಗ್ಬೇಡಿ.

ಇನ್ನೊಂದು, ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಚೀಲಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ವ್ಯತ್ಯಾಸ ಬರುತ್ತೆ. ಹೊಸಬರ ಹತ್ರ ರೇಟ್ ಮಾತಾಡೋವಾಗ ಹಳೇ ರೇಟ್ ಹೇಳಿದ್ರೆ ಒಪ್ಪಬೇಡಿ.

---

ಹೇಮಾವತಿ_ದಡ · ನವೆಂಬರ್ 29

ಅಪ್‌ಡೇಟ್ ಕೊಡೋಕೆ ಲೇಟಾಯ್ತು, ಕ್ಷಮಿಸಿ.

ರಾಡ್ ತೂಕ ಮಾಡಿಸಿದ್ವಿ. ಶೆಡ್ ಪಕ್ಕ ಕೆಸರಲ್ಲಿ 12 ಎಂಎಂ ತುಂಡೊಂದಿತ್ತು, ಅಪ್ಪ ಅದನ್ನ ಮನೆ ಮೆಟ್ಟಿಲ ಮೇಲೆ ಕೂತು ವೈರ್ ಬ್ರಶ್ಶಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ರು, ವೆಲ್ಡಿಂಗ್ ಅಂಗಡೀಲಿ ಮೀಟರ್ ಕಟ್ ಮಾಡಿಸಿ, ಪಕ್ಕದ ದಿನಸಿ ಅಂಗಡಿ ತಕ್ಕಡಿಲಿ ಇಟ್ವಿ. 862 ಗ್ರಾಂ ಬಂತು. ಮೂರು ಪರ್ಸೆಂಟ್ ಕಮ್ಮಿ. 16 ಎಂಎಂದು 1 ಕೆಜಿ 545. ಕರೆಸಿದ ಇಂಜಿನಿಯರೂ ಕಾಲಂ ರಾಡುಗಳನ್ನ ಒಂದೊಂದಾಗಿ ಕ್ಯಾಲಿಪರಲ್ಲಿ ನೋಡಿ ತೊಂದರೆ ಇಲ್ಲ ಅಂದ್ರು, ಮೆಟ್ಟಿಲ ಹತ್ರದ ಒಂದು ಕಾಲಂದು ಮಾತ್ರ ಬುಡದಲ್ಲಿ ಗುಳಿ ಇದೆ, ಅಲ್ಲಿ ಎರಡು ಹೊಸ ರಾಡು ಕೂರಿಸೋಕೆ ಬರ್ಕೊಟ್ಟಿದಾರೆ. ಎಲ್ಲಾದಕ್ಕೂ ಸಿಮೆಂಟ್ ಹಾಲು ಬಳಿಸಿದ್ವಿ.

ಅಳತೆ ಪ್ರಕಾರ ಆಗಿರೋ ಕೆಲಸ 8 ಲಕ್ಷದ 90 ಸಾವಿರದ್ದು. ಅಂದ್ರೆ 5 ಲಕ್ಷದ 60 ಸಾವಿರ ಜಾಸ್ತಿ ಹೋಗಿದೆ. ಮೈಸೂರ್_ರೋಡ್ ಅವರು ಹೇಳಿದ ಹಾಗೆ ಕಾಂಟ್ರಾಕ್ಟರ್ ಮನೆಗೂ ಹೋದ್ವಿ, ನಮ್ಮ ಸೋದರಮಾವನ್ನ ಕರ್ಕೊಂಡು. ಸಿಕ್ಕಿದ್ರು. ಅವರ ಪರಿಸ್ಥಿತಿನೂ ಚೆನ್ನಾಗಿಲ್ಲ, ಇನ್ನೊಂದು ಕಡೆ ಕಟ್ಟಿದ ಮನೆಯವರು ಕೊನೇ ಪೇಮೆಂಟ್ ನಿಲ್ಲಿಸಿದಾರಂತೆ, ಮೇಸ್ತ್ರಿಗೆ ಕೂಲಿ ಬಾಕಿ, ಅದಕ್ಕೇ ಟೀಮ್ ಬರ್ತಿಲ್ಲ. ಕೇಳಿ ಬೇಜಾರಾಯ್ತು, ಆದ್ರೆ ನಮ್ಮಮ್ಮನ ಬಳೆ ಅಲ್ಲಿ ಯಾರದೋ ಮನೆ ಸ್ಲ್ಯಾಬಲ್ಲಿದೆ ಅನ್ನೋದು ಅದಕ್ಕಿಂತ ಬೇಜಾರು. ಕೆಲಸ ಮುಂದುವರಿಸೋಕೆ ಆಗಲ್ಲ ಅಂತ ಬರ್ದು ಸಹಿ ಹಾಕ್ಕೊಟ್ರು. ಒಂದು ಕಾಲು ಲಕ್ಷ ಹೋದ ವಾರ ಅಕೌಂಟಿಗೆ ಹಾಕಿದಾರೆ, ಉಳಿದಿದ್ದಕ್ಕೆ ಟೈಮ್ ಕೇಳಿದಾರೆ. ಅದು ಬರುತ್ತೋ ಬಿಡುತ್ತೋ, ವಕೀಲರ ನೋಟಿಸ್ ಕಳಿಸಿದೀನಿ.

ಬ್ಯಾಂಕಲ್ಲಿ ಒಂಬತ್ತು ತಿಂಗಳು ಎಕ್ಸ್‌ಟೆನ್ಷನ್ ಸಿಕ್ತು. ಬಡ್ಡಿ ರೀಸೆಟ್ ಆಗಿತ್ತು, ನಾನೇ ನೋಡಿರ್ಲಿಲ್ಲ.

ಅದೇ ಮೇಸ್ತ್ರಿನ ಹುಡುಕಿದ್ವಿ. ಲಿಂಗಸುಗೂರಿನ ಹತ್ರ ಹಳ್ಳಿ, ಫೋನ್ ನಂಬರ್ ಅಪ್ಪನ ಹತ್ರ ಇತ್ತು, ಗಾರೆ ಕಲಸೋವಾಗ ಪಕ್ಕದಲ್ಲಿ ಕೂತು ಮಾತಾಡ್ತಿದ್ರಲ್ಲ. ಈ ಸಲ ಲೇಬರ್ ಕಾಂಟ್ರಾಕ್ಟ್, ಮೆಟೀರಿಯಲ್ ನಾವೇ ತರೋದು, ವಾರ ವಾರ ಆದ ಕೆಲಸಕ್ಕೆ ಶನಿವಾರ ಕೂಲಿ, ಅಡ್ವಾನ್ಸ್ ಇಲ್ಲ. ಅವರ ಹಳೇ ಬಾಕೀಲಿ ನಮ್ಮ ಮನೆ ಕೆಲಸದ್ದು ಹದಿನಾಲ್ಕು ಸಾವಿರ ಇತ್ತಂತೆ, ಅದನ್ನ ಕೊಡೋಣ ಅಂತ ಅಪ್ಪ ಅಂದ್ರು, ಕೊಟ್ವಿ. ಅವರದ್ದೇ ಬೆವರು ಅಲ್ವಾ ಆ ಗೋಡೇಲಿರೋದು. ಎಂಟು ಜನ ಮೊನ್ನೆ ಬುಧವಾರ ಬಂದಿಳಿದ್ರು.

ಟೀಚರ್ ಅವರೇ, ಸ್ಲ್ಯಾಬ್ ಆದ್ಮೇಲೆ ಅಡುಗೆಮನೆ, ಕೆಳಗಿನ ರೂಮು, ಬಚ್ಚಲು ಅಷ್ಟೇ ಮೊದಲು. ಅಮ್ಮ ಆಗ್ಲೇ ಒಪ್ಕೊಂಡಿದಾರೆ.

ಒಂದು ಕೇಳೋದಿದೆ. ಸೋಮವಾರ ಸೆಂಟ್ರಿಂಗ್ ಶೀಟ್ ಬರುತ್ತೆ. ಸ್ಲ್ಯಾಬ್ ಹಾಕಿ ಏಳು ದಿನಕ್ಕೆ ಶೀಟ್ ಬಿಚ್ಚಬಹುದು ಅಂತ ಸೆಂಟ್ರಿಂಗ್‌ನವರು ಅಂತಿದಾರೆ, ಬಾಡಿಗೆ ದಿನದ ಲೆಕ್ಕ. ಹಾಲಿನ ಸ್ಪ್ಯಾನ್ 16 ಅಡಿ ಇದೆ.

---

ಸೈಟ್_ಮ್ಯಾನ್_ತುಮಕೂರು · ನವೆಂಬರ್ 29

ಬೇಡ. 16 ಅಡಿ ಅಂದ್ರೆ ನಾಲ್ಕೂವರೆ ಮೀಟರ್ ದಾಟುತ್ತೆ, ಅಲ್ಲಿ ಸ್ಲ್ಯಾಬ್ ಕೆಳಗಿನ ಪ್ರಾಪ್ಸ್ (ಆಸರೆ ಕಂಬ) 14 ದಿನ ಇರ್ಲೇಬೇಕು. ಬೀಮ್ ಕೆಳಗಿನದೂ 14, ಆರು ಮೀಟರ್ ದಾಟಿದ ಬೀಮ್ ಇದ್ರೆ 21. ಚಳಿಗಾಲ ಬೇರೆ, ನಾನಾಗಿದ್ರೆ ಎಲ್ಲಾ 18-20 ದಿನ ಬಿಡ್ತೀನಿ. ಬಾಡಿಗೆ ಎರಡು ಮೂರು ಸಾವಿರ ಜಾಸ್ತಿ ಆಗ್ಲಿ. ಸ್ಲ್ಯಾಬ್ ಹಾಕೋ ದಿನ ಅದೇ ಕಾಂಕ್ರೀಟಲ್ಲಿ ಆರು ಟೆಸ್ಟ್ ಕ್ಯೂಬ್ ತುಂಬಿಸಿಡಿ, ಮೂರು ಏಳನೇ ದಿನಕ್ಕೆ, ಮೂರು 28ಕ್ಕೆ ಟೆಸ್ಟಿಗೆ. ಮಾರನೇ ದಿನ ಬೆಳಿಗ್ಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದ್ರೆ ಹತ್ತು ದಿನಕ್ಕೆ ಕಮ್ಮಿ ಇಲ್ಲದ ಹಾಗೆ.

---

ಹೇಮಾವತಿ_ದಡ · ನವೆಂಬರ್ 29

ಸರಿ ಸರ್, 20 ದಿನಕ್ಕೇ ಮಾತಾಡ್ತೀನಿ. ನೀರಿನ ಜವಾಬ್ದಾರಿ ಅಪ್ಪ ತಗೊಂಡಿದಾರೆ, ಹೊಸ ಪೈಪ್ ಇವತ್ತೇ ತಂದಿಟ್ಟಿದಾರೆ.